ಹಗೇವಿನ ಗೋಡೆಗೆ ಹಚ್ಚಿದ ಗಲ್ಲ

ನನ್ನ ಮಾವ ಒಂದು ಸಲ ಓಣಿಯವರ ಜೋಳ ಕೆಡಿಸಿದರು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಈಗ ನಮ್ಮ ಮನೆಯ ಹುಡುಗರು ಈ ಸಂಗತಿ ಎತ್ತಿದಾಗಲೆಲ್ಲ, ಪಾಪ, ಅಜ್ಜನ ಕಾಲದಲ್ಲಿ ಏನೋ ಆಗಿತ್ತಂತೆ ಎಂದು ತೇಲಿಸುತ್ತಾರೆ. ಆ 'ಪಾಪ' ಕೇಳಿದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ. ಆ ಒಂದು ಮಾತಿನಿಂದ ಆ ಮನುಷ್ಯ ಎಷ್ಟು ಬೆಂದರು ಎನ್ನುವುದನ್ನು ಕಣ್ಣಾರೆ ಕಂಡವಳು ನಾನು.

ನಾನು ಕೊಟ್ಟೂರಿನ ಪೇಟೆಯಲ್ಲಿ ಬೆಳೆದವಳು. ಜೋಳ ಅಂದರೆ ಚೀಲದಲ್ಲಿ ಬರುವುದು ಎಂದಷ್ಟೇ ಗೊತ್ತಿತ್ತು. ಎಪ್ಪತ್ತರ ದಶಕದಲ್ಲಿ ಹರಪನಹಳ್ಳಿ ತಾಲೂಕಿನ ಅರಸೀಕೆರೆ ಹತ್ತಿರದ ಹಳ್ಳಿಗೆ ಸೊಸೆಯಾಗಿ ಬಂದಾಗ, ಓಣಿಯಲ್ಲಿ ನಡೆಯುವಾಗ ಕಾಲಡಿಯಲ್ಲೇ ಜೋಳ ಇದೆ ಎಂದರು. ನನ್ನನ್ನು ಆಡಿಸುತ್ತಿದ್ದಾರೆ ಅಂದುಕೊಂಡು ನಕ್ಕುಬಿಟ್ಟೆ. ನೆಲದೊಳಗಿನ ಆ ಕಣಜಕ್ಕೆ ಹಗೇವು ಅನ್ನುತ್ತಾರೆ. ಬಾಯಿ ಒಬ್ಬ ಆಳು ಇಳಿಯುವಷ್ಟು, ಒಳಗೆ ಒಂದು ಕೋಣೆಯಷ್ಟು ಅಗಲ. ನಮ್ಮ ಓಣಿಯ ನಾಲ್ಕಾರು ಮನೆಯವರು ಸೇರಿ ಒಂದೇ ಹಗೇವಿಗೆ ಸುರಿಯುತ್ತಿದ್ದರು.

ಅದನ್ನು ಹದ ಮಾಡಿ ತುಂಬಿಸುವುದು ಮಾವನ ಕೆಲಸ. ಒಳಗೆ ಸೊಪ್ಪೆ, ಅಂದರೆ ಜೋಳದ ಒಣ ದಂಟು, ಸುಟ್ಟು ಒಣಗಿಸಬೇಕು, ಬೂದಿ ತೆಗೆದು ಗೋಡೆಗೆ ಹುಲ್ಲು ಹೊದಿಸಬೇಕು, ಜೋಳ ಸುರಿದಾದ ಮೇಲೆ ಮತ್ತೆ ಹುಲ್ಲು ಹಾಕಿ, ಬಂಡೆ ಮುಚ್ಚಿ, ಮಣ್ಣು ಮೆತ್ತಬೇಕು. ಹುಲ್ಲು ಹೊದಿಸುವ ಮುಂಚೆ ಅವರು ಒಬ್ಬರೇ ಇಳಿದು, ಗೋಡೆಗೆ ಗಲ್ಲ ಹಚ್ಚಿ ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ದುಡಿದ ಕೈಗೆ ಗೋಡೆಯ ತೇವ, ಥಂಡಿ ತಿಳಿಯುವುದಿಲ್ಲ, ಗಲ್ಲಕ್ಕೆ ತಿಳಿಯುತ್ತದೆ ಅನ್ನುವರು. ಮೇಲೆ ಬಂದು 'ಹ್ಞೂಂ, ಸುರೀರಿ' ಅಂದರೆ ಮುಗಿಯಿತು, ಅದರ ಮೇಲೆ ಯಾರದೂ ಮಾತಿಲ್ಲ. ತುಂಬಿದ ದಿನ ಅವರಿಗೆ ಕೂಲಿಯೂ ಇಲ್ಲ. ಹಗೇವು ತೆಗೆದ ದಿನ ಮೊದಲ ಮೊರದ ಜೋಳ ಅವರದು. ಪದ್ಧತಿ ಹಾಗಿತ್ತು.

ಆ ವರ್ಷ ಸುಗ್ಗಿ ಮುಗಿದು ತುಂಬುವ ದಿನ ಬಂತು. ಓಣಿಯ ತುಂಬ ಬಂಡಿಗಳು. ಯಾಕೋ ಬೆಳಗ್ಗಿನಿಂದಲೇ ಅಕಾಲದ ಮೋಡ ಕವಿದು ಎಲ್ಲರಿಗೂ ಅವಸರ. ಮಾವ ಕೆಳಗೆ ಇಳಿದವರು ಬೇಗ ಬರಲಿಲ್ಲ. ಬಂದ ಮೇಲೂ ಬಂಡಿಗಳನ್ನೊಮ್ಮೆ, ಮೋಡವನ್ನೊಮ್ಮೆ ನೋಡಿದರು. ಆಮೇಲೆ 'ಸುರೀರಿ' ಅಂದರು. ಹ್ಞೂಂ ಅನ್ನಲಿಲ್ಲ. ಅದು ನನಗೆ ನೆನಪಾದದ್ದು ಬಹಳ ದಿನದ ಮೇಲೆ.

ಶ್ರಾವಣದಲ್ಲಿ ಪಂಚಮಿ ಹಬ್ಬದ ಮುಂಚೆ ಹಗೇವು ತೆಗೆಯುವುದು ವಾಡಿಕೆ. ಅರಳು ಹುರಿಯಲು ಜೋಳ ಬೇಕಲ್ಲ. ಹೆಂಗಸರು ಮೊರ, ಬಿದಿರಿನ ಪುಟ್ಟಿ ಹಿಡಿದು ಸುತ್ತ ನಿಂತಿದ್ದೆವು. ಮುಚ್ಚಿದ ಹಗೇವಿನ ಗಾಳಿ ಜೀವ ತೆಗೆಯುತ್ತದೆ, ಅದಕ್ಕೆ ಬಂಡೆ ಸರಿಸಿ ಹೊತ್ತು ಬಿಟ್ಟು, ಕಂದೀಲು ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಮನುಷ್ಯ ಇಳಿಯಬೇಕು. ಆ ದಿನ ಕಂದೀಲು ಇಳಿಬಿಡುವ ಮುಂಚೆಯೇ ವಾಸನೆ ಬಂತು. ನೆನೆದ ಗೋಣಿತಟ್ಟು ಮೂಲೆಯಲ್ಲಿ ಕೊಳೆತರೆ ಬರುತ್ತದಲ್ಲ, ಅಂಥ ಮುಗ್ಗು. ಹೊತ್ತು ಬಿಟ್ಟು ಇಳಿಬಿಟ್ಟ ಕಂದೀಲು ಆರಲಿಲ್ಲ.

ಮಾವ ಇಳಿದರು. ಮೇಲೆ ಬಂದ ಮೊದಲ ಪುಟ್ಟಿಯಲ್ಲಿ ಕಾಳು ಇರಲಿಲ್ಲ, ಕಪ್ಪು ಹೆಂಟೆ ಇತ್ತು. ಮುಟ್ಟಿದರೆ ಬಿಸಿ. ಮೇಲಿನದು ಹೋದರೆ ಹೋಗಲಿ, ಒಳಗಿನದು ಚೆನ್ನಾಗಿರಬಹುದು ಎಂದು ಯಾರೋ ಅಂದರು. ಮಾವ ಕೆದರಿ ಕೆದರಿ ಪುಟ್ಟಿ ತುಂಬಿ ಕಳಿಸಿಯೇ ಕಳಿಸಿದರು. ಎಲ್ಲ ಅದೇ. ಕೊನೆಗೆ ಜನ 'ಸಾಕು, ಮ್ಯಾಲೆ ಬಾರಪ್ಪ' ಎಂದು ಕರೆಯಬೇಕಾಯಿತು. ಪಕ್ಕದಲ್ಲಿ ಕಟ್ಟಿದ್ದ ಎಮ್ಮೆಯ ಮುಂದೆ ಒಂದು ಹಿಡಿ ಹಾಕಿದರೆ ಅದು ಮೂಸಿ ಮುಖ ತಿರುಗಿಸಿತು.

ಉಳಿದ ಮನೆಗಳಲ್ಲಿ ಚೀಲದಲ್ಲೋ ಗುಡಾಣದಲ್ಲೋ ಅಷ್ಟಿಷ್ಟು ಇತ್ತು. ನಮ್ಮ ಎದುರು ಮನೆಯ ಹೆಂಗಸಿಗೆ ಮಾತ್ರ ಇದ್ದದ್ದೆಲ್ಲ ಆ ಹಗೇವಿನೊಳಗೇ. ಗಂಡ ಸತ್ತವಳು, ಒಂದೇ ಹೊಲ, ಒಬ್ಬಳೇ ನಿಂತು ಉತ್ತು ಬಿತ್ತಿ ಬೆಳೆದದ್ದು. ಹಬ್ಬಕ್ಕೆ ಮಗಳು ತವರಿಗೆ ಬಂದಿದ್ದಳು. ಆಕೆ ಬಗ್ಗಿ ಒಂದು ಚೂರು ಹೆಂಟೆ ಮುರಿದು ಬಾಯಿಗೆ ಹಾಕಿಕೊಂಡು ಅಗಿದಳು. ಉಗುಳಿದಳು. ಖಾಲಿ ಮೊರ ಕಂಕುಳಲ್ಲಿ ಇಟ್ಟುಕೊಂಡು ಮನೆಗೆ ನಡೆದಳು.

ಮಾರನೆಯ ದಿನದಿಂದ ನಮ್ಮ ಮನೆಗೆ ಜನ ಬರಲು ಶುರುವಾಯಿತು. ಬೈಯಲು ಬರುತ್ತಾರೆ ಅಂದುಕೊಂಡಿದ್ದೆ. ಬೈಯಲಿಲ್ಲ, ಸಮಾಧಾನ ಹೇಳಿದರು.

'ಇಷ್ಟು ವರ್ಷ ಊರಿಗೆ ಅನ್ನ ಕಾಯ್ದಾತ ನೀನು. ದೇವ್ರು ಒಂದು ಸಲ ಹಿಂಗ ಮಾಡ್ಯಾನ. ಏನು ಮಾಡಾಕ ಬರ್ತೈತಿ?'

'ಉಣ್ಣೋ ಯಪ್ಪಾ, ಜೀವ ಯಾಕ ಸಣ್ಣ ಮಾಡ್ಕಂತಿ?'

ಮಾವ ಕಂಬಕ್ಕೆ ಒರಗಿ ಕೂತಿರುತ್ತಿದ್ದರು. ಒಬ್ಬರು ಎದ್ದರೆ ಇನ್ನೊಬ್ಬರು. ಬೆಲ್ಲದ ಚಾ ಕಾಯಿಸಿ ಕಾಯಿಸಿ ನನ್ನ ಸೊಂಟ ಬಿದ್ದುಹೋಯಿತು. ಸಂಕಟದವರ ಮನೆಯಲ್ಲಿ ಕೂತು ಎರಡೆರಡು ಲೋಟ ಚಾ ಕುಡಿದು ಎದ್ದುಹೋಗುವುದಕ್ಕೂ ಒಂದು ಧೈರ್ಯ ಬೇಕು ಬಿಡಿ. ಯಾರೋ ಪುಣ್ಯಾತ್ಮರು ತಮ್ಮ ಮನೆಯಿಂದಲೇ ಒಂದು ಮೊರ ಒಳ್ಳೆಯ ಜೋಳ ತಂದು ಇಟ್ಟರು. 'ಮೊದಲ ಮೊರ ನಿಂದು. ಪದ್ಧತಿ ತಪ್ಪಸಬಾರ್ದು' ಅಂದರು. ಮಾವನಿಗೆ ಅದು ಬಿಸಿ ತುಪ್ಪವಾಯಿತು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಆ ಮೊರ ಹಾಗೇ ಪಡಸಾಲೆಯ ಮೂಲೆಯಲ್ಲಿ ಕೂತಿತು. ಅದನ್ನು ಮುಟ್ಟಲು ನನಗೂ ಮನಸ್ಸು ಬರಲಿಲ್ಲ.

ದೇವರ ಮೇಲೆ ಹಾಕಿ ಸಾಕಾದ ಮೇಲೆ ಮಂದಿಗೆ ಇನ್ನೊಬ್ಬ ಬೇಕಾದ. ಓಣಿಯ ಮೂಲೆಯಲ್ಲಿ ಪಂಪ್‌ಸೆಟ್ ರಿಪೇರಿ ಮಾಡುವ ಒಬ್ಬ ಸಾಬರ ಹುಡುಗ ಇದ್ದ. ಹೆಂಡತಿ ಬಾಣಂತಿಯಾಗಿ ಬರುತ್ತಾಳೆಂದು ಹಿಂದಿನ ವರ್ಷ ಹಗೇವಿನ ಹತ್ತಿರದಲ್ಲೇ ಸಿಮೆಂಟಿನ ಬಚ್ಚಲು ಕಟ್ಟಿಸಿದ್ದ. ಅದರ ನೀರು ಇಂಗಿ ಹಗೇವಿಗೆ ಇಳಿದಿದೆ ಎಂದು ಒಬ್ಬರು ಕಂಡುಹಿಡಿದರು. ಕಂಡದ್ದು ಸುಳ್ಳೇನಲ್ಲ. ಆದರೆ ಸಂಜೆಯೊಳಗೆ ಅದು ಬಚ್ಚಲಿನ ಮಾತಾಗಿ ಉಳಿಯಲಿಲ್ಲ. ಸಾಬರ ಮನೆಯ ನೀರು ಎಂದಾಯಿತು, ಬೇಕಂತಲೇ ಬಿಟ್ಟ ಎಂದೂ ಒಬ್ಬ ಅಂದ. ನಿನ್ನೆ ಮೊನ್ನೆ ಅವನಿಂದ ಮೋಟಾರು ರಿಪೇರಿ ಮಾಡಿಸಿಕೊಂಡವರೇ ಅವನ ಅಂಗಡಿಯ ಮುಂದೆ ಮುಖ ತಿರುಗಿಸಿ ಹೋಗತೊಡಗಿದರು. ಮಾವ ಎಲ್ಲ ಕೇಳಿಸಿಕೊಂಡರು. ಒಂದು ಮಾತಾಡಲಿಲ್ಲ. ನನಗೆ ಅದು ಸರಿ ಬರಲಿಲ್ಲ, ಆದರೆ ಸೊಸೆಯಾದವಳು ಏನೆಂದು ಕೇಳಲಿ?

ಆ ಸಂಜೆ ಎದುರು ಮನೆಗೆ ನಾಲ್ಕು ರೊಟ್ಟಿ ಒಯ್ದೆ. ಆಕೆ ಹೊಸ್ತಿಲ ಮೇಲೆ ಕೂತು ನಮ್ಮ ಮನೆಯ ಬಾಗಿಲನ್ನೇ ನೋಡುತ್ತಿದ್ದಳು. ರೊಟ್ಟಿ ತೆಗೆದುಕೊಂಡಳು. ಆಮೇಲೆ ಮೆಲ್ಲಗೆ ಅಂದಳು:

'ಹೆಣ ನನ್ನ ಮನ್ಯಾಗ ಬಿದ್ದೈತಿ. ಮಂದಿ ಮಾತಾಡ್ಸಾಕ ನಿಮ್ಮ ಮನಿಗೆ ಹೊಂಟಾರ. ಇದ್ಯಾವ ನ್ಯಾಯನ ಯವ್ವ?'

ಸೀದಾ ಮನೆಗೆ ಬಂದವಳೇ ಮಾವನ ಮುಂದೆ ನಿಂತು, ಒಂದಕ್ಷರ ಬಿಡದೆ ಹಾಗೇ ಹೇಳಿದೆ. ನನಗೆ ಮೊದಲಿನಿಂದಲೂ ಬಾಯಿ ಜಾಸ್ತಿ. ಗಂಡ ಕಣ್ಣು ಬಿಟ್ಟ, ಬಿಡಲಿ ಎಂದು ಬಿಟ್ಟೆ. ಮಾವ ತುತ್ತನ್ನು ತಟ್ಟೆಯಲ್ಲೇ ಇಟ್ಟು ಕೈ ತೊಳೆದುಕೊಂಡರು.

ಮರುದಿನ ಬೆಳಿಗ್ಗೆ ಓಣಿಯಲ್ಲಿ ಸದ್ದು ಕೇಳಿ ಹೊರಗೆ ಬಂದೆವು. ಆ ಹುಡುಗ ಹಾರೆ ಹಿಡಿದು ತನ್ನ ಬಚ್ಚಲ ಮುಂದೆ ನಿಂತಿದ್ದ. ಬಾಗಿಲ ಹಿಂದೆ ಅವನ ಹೆಂಡತಿ ಕೂಸು ಹೊತ್ತು ಅಳುತ್ತಿದ್ದಳು. 'ನನ್ನ ಬಚ್ಚಲದಿಂದ ಆತು ಅಂತೀರಲ್ಲ, ಒಡದ ಬಿಡ್ತೀನಿ. ಆಮ್ಯಾಲರ ಮಾತಾಡಸ್ರಿ' ಅಂದ. ಸುತ್ತ ನಿಂತವರು ಬೇಡ ಅನ್ನಲಿಲ್ಲ.

ಮಾವ ನಡೆದು ಹೋಗಿ ಹಾರೆ ಹಿಡಿದುಕೊಂಡರು.

'ಬಿಡಲೇ ತಮ್ಮ. ನೀರು ನಿಂದು ಖರೇ. ತುಂಬಿಸಿದ್ದು ನಾನು.'

ಆಮೇಲೆ ಎಲ್ಲರ ಕಡೆ ತಿರುಗಿದರು. ಅವರು ದೊಡ್ಡ ದನಿಯವರಲ್ಲ, ಕೇಳಲು ಜನ ಹತ್ತಿರ ಬರಬೇಕಾಯಿತು.

'ಅವತ್ತು ಗ್ವಾಡಿಗೆ ಗಲ್ಲ ಹಚ್ಚಿದಾಗ ತಣ್ಣಗ ಹತ್ತಿತ್ತು. ನನಗ ಗೊತ್ತಾತು. ಮ್ಯಾಲೆ ಬಂದೆ, ಬಂಡಿ ನಿಂತಿದ್ವು, ಮಾಡ ಹಾಕಿತ್ತು. ಇಷ್ಟು ಮಂದಿನ ವಾಪಸ್ ಹೋಗ್ರಿ ಅಂತ ಹೆಂಗ ಹೇಳ್ಲಿ ಅಂತ ನಾಚಿಕಿ ಬಂತು. ಸುರೀರಿ ಅಂದೆ. ದೇವ್ರು ಅಲ್ಲ, ಈ ಹುಡುಗ ಅಲ್ಲ. ನಾನು.'

ಯಾರಿಗೂ ಇದು ಹಿಡಿಸಲಿಲ್ಲ. ನಿನ್ನೆಯ ತನಕ ಅಯ್ಯೋ ಅಂದವರೇ ಈಗ ತಿರುಗಿಬಿದ್ದರು. ಒಬ್ಬ ಹಿರಿಯ, 'ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರೀತು' ಎಂದು ಗೊಣಗಿ ಹೋದ. ಇನ್ನೊಬ್ಬ, ಗೊತ್ತಿದ್ದೂ ನಮ್ಮ ಹೊಟ್ಟೆಗೆ ಕಲ್ಲು ಹಾಕಿದೆಯಾ ಎಂದು ಜಗಳಕ್ಕೇ ನಿಂತ. ಮಾವ ತಲೆ ತಗ್ಗಿಸಿ ಅನ್ನಿಸಿಕೊಂಡರು. ಅವತ್ತಿನಿಂದ ನಮ್ಮ ಮನೆಗೆ ಚಾ ಕುಡಿಯಲು ಯಾರೂ ಬರಲಿಲ್ಲ.

ಮೂಲೆಯಲ್ಲಿದ್ದ ಆ ಮೊರದ ಜೋಳ, ಅದರ ಹಿಂದೆ ನಮ್ಮ ಗುಡಾಣದಲ್ಲಿದ್ದದ್ದು, ಎರಡನ್ನೂ ಮಾವ ತಾವೇ ಹೊತ್ತು ಎದುರು ಮನೆಗೆ ಮುಟ್ಟಿಸಿದರು. ಸುಳ್ಳು ಯಾಕೆ ಹೇಳಲಿ, ನನ್ನ ಹೊಟ್ಟೆ ಉರಿಯಿತು. ನಾವು ಆ ವರ್ಷವೆಲ್ಲ ನವಣೆ ಉಂಡೆವು. ರೊಟ್ಟಿ ಇಲ್ಲದ ಊಟ ನನ್ನ ಗಂಡನಿಗೆ ಊಟವೇ ಅಲ್ಲ, ಸಿಡಿಮಿಡಿ ನನ್ನ ಮೇಲೆ. ಆಕೆಯಾದರೂ ಕೈ ಮುಗಿದಳೋ ಅಂದರೆ ಅದೂ ಇಲ್ಲ. 'ಇಡು ಅಲ್ಲಿ' ಅಂದಳು. 'ಜ್ವಾಳ ಉಣ್ತೀನಿ. ಸಿಟ್ಟು ಸಿಟ್ಟೇ ಯಣ್ಣ, ಅದು ಹ್ವಾದಾಗ ಹೋಗ್ತೈತಿ.' ಮಾವ, 'ಆತವ್ವ' ಅಂದು ಬಂದರು. ಆ ರಾತ್ರಿ ಎಷ್ಟೋ ದಿನಗಳ ಮೇಲೆ ಹೊಟ್ಟೆ ತುಂಬ ಉಂಡರು.

ಮುಂದಿನ ಸುಗ್ಗಿಗೆ ಮಾವನನ್ನು ಯಾರೂ ಕರೆಯುವುದಿಲ್ಲ ಎಂದು ನಾವೆಲ್ಲ ತಿಳಿದಿದ್ದೆವು. ಅವರೂ ಹಾಗೇ ತಿಳಿದು ಹೊಲದ ಕಡೆ ಮುಖ ಮಾಡಿದ್ದರು. ಕರೆದವಳು ಎದುರು ಮನೆಯವಳೇ. ನಮ್ಮ ಅಂಗಳದಲ್ಲಿ ನಿಂತು, 'ನೀರು ಹತ್ತಿದ್ದು ಬ್ಯಾಡ, ಓಣಿ ಮ್ಯಾಗಳ ಇನ್ನೊಂದು ಹಗೇವಿಗೆ ತುಂಬಬೇಕಂತ ಮಾಡೀವಿ. ಇಳಿ ಬಾ' ಅಂದಳು. ಮಾವ ಕೇಳಿದರು, 'ನಾನಾ?' ಆಕೆ, 'ಮತ್ತ್ಯಾರಿಗೆ ಬರ್ತೈತಿ?' ಎಂದು ತಿರುಗಿ ನಡೆದಳು. ಅದರಲ್ಲಿ ಪ್ರೀತಿ ಇತ್ತೋ, ಬೇರೆ ದಾರಿಯೇ ಇರಲಿಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ.

ಮಾವ ಎಂದಿನಂತೆ ಸೊಪ್ಪೆ ಸುಟ್ಟು ಒಣಗಿಸಿದರು. ತುಂಬುವ ದಿನ ಮತ್ತೆ ಬಂಡಿಗಳು ಸಾಲಾಗಿ ನಿಂತವು. ಈ ಸಲ ಮೋಡ ಇರಲಿಲ್ಲ. ಎಲ್ಲರ ಕಣ್ಣು ಹಗೇವಿನ ಬಾಯಿಯ ಮೇಲೆ. ಮಾವ ಇಳಿದರು. ನಾನು ಬಾಯಿಯ ಹತ್ತಿರವೇ ನಿಂತಿದ್ದೆ. ಕೆಳಗೆ ಅರೆಗತ್ತಲಲ್ಲಿ ಅವರು ಒಂದು ಗಲ್ಲ ಹಚ್ಚಿದರು, ಇನ್ನೊಂದು ಹಚ್ಚಿದರು, ಜಾಗ ಬದಲಿಸಿ ಮತ್ತೆ ಹಚ್ಚಿದರು. ಮೇಲೆ ಬಂದಾಗ ಮುಖದ ತುಂಬ ಮಣ್ಣು.

'ನನಗ ತಿಳಿವಲ್ದು' ಅಂದರು. 'ಬೆಚ್ಚಗೈತೋ ತಣ್ಣಗೈತೋ ಗಲ್ಲಕ್ಕ ತಿಳಿವಲ್ದು. ಸುರೀರಿ ಅನ್ನಾಕ ಆಗಂಗಿಲ್ಲ. ಒಯ್ರಿ.'

ಹಿಂದಿನಿಂದ ಯಾರೋ, ಮುದುಕ ಹೆದರಿಕೊಂಡಿದ್ದಾನೆ ಎಂದು ನಕ್ಕರು. ಇನ್ಯಾರೋ, ಇದನ್ನು ಕೇಳಲಿಕ್ಕೆ ಬಂಡಿ ಕಟ್ಟಿಕೊಂಡು ಬರಬೇಕಿತ್ತೇ ಎಂದು ರೇಗಿದರು. ಮೊದಲ ಬಂಡಿ ಎದುರು ಮನೆಯವಳದು. ಆಕೆ ಎತ್ತಿನ ಹಗ್ಗ ಹಿಡಿದು ಮಾವನ ಮುಂದೆ ಬಂದು ನಿಂತಳು. ಸೆರಗಿನ ತುದಿಯಿಂದ ಅವರ ಗಲ್ಲದ ಮಣ್ಣು ಒರೆಸಿದಳು.

'ಇದ ಮಾತು ಹ್ವಾದ ವರ್ಷ ಆಡಿದ್ರ ಸಾಕಾಗಿತ್ತಲ್ಲೋ ಯಣ್ಣ' ಅಂದಳು.

ಎತ್ತು ತಿರುವಿ ಬಂಡಿ ಮನೆಗೆ ಹೊಡೆದಳು. ಅವಳ ಹಿಂದೆ ಉಳಿದವರೂ ಒಬ್ಬೊಬ್ಬರಾಗಿ ತಿರುವಿಕೊಂಡರು. ಓಣಿ ಖಾಲಿಯಾಗುವ ತನಕ ನಿಂತಿದ್ದ ಮಾವ ಆಮೇಲೆ ಹಗೇವಿನ ಬಾಯಿಯ ಪಕ್ಕ ಸರಿಸಿಟ್ಟಿದ್ದ ಬಂಡೆಯ ಮೇಲೆ ಕೂತುಕೊಂಡರು. ಜೋಳ ಕೆಟ್ಟ ದಿನ ಅಳದವರು, ಎಲ್ಲರ ಮುಂದೆ ತಪ್ಪೊಪ್ಪಿದ ದಿನವೂ ಅಳದವರು, ಆವತ್ತು ಅತ್ತರು. ನಾನು ಸಮಾಧಾನ ಹೇಳಲು ಹೋಗಲಿಲ್ಲ, ಅತ್ತು ಮುಗಿಯುವ ತನಕ ಪಕ್ಕದಲ್ಲಿ ಕೂತಿದ್ದೆ.