ಉಪಾಧ್ಯರ ಇಲ್ಲದ ಚಟ್ನಿ

ಕಲ್ಕತ್ತೆಯ ಲೇಕ್ ಮಾರ್ಕೆಟಿನ ಪಕ್ಕ ಇಪ್ಪತ್ತು ವರ್ಷ ಇಡ್ಲಿ ಬೇಯಿಸಿದ ಉಡುಪಿಯ ಪದ್ಮನಾಭ ಉಪಾಧ್ಯರು ಸರ್ಕಾರದ ಮಾತನ್ನು ಒಂದಕ್ಷರ ಬಿಡದೆ ಪಾಲಿಸುತ್ತಿದ್ದರು. ಅಧಿಕಾರಿಗಳಿಗೆ ಅದೇ ತಲೆನೋವು.

ಎಪ್ಪತ್ತೊಂದರ ಬೇಸಿಗೆಯಲ್ಲಿ, ಕಾಲರಾ ಹರಡುತ್ತದೆಂದು, ಹೋಟೆಲುಗಳಲ್ಲಿ ಬೇಯಿಸದ ಏನನ್ನೂ ಬಡಿಸಬಾರದೆಂಬ ಆಜ್ಞೆ ಬಂತು. ಆಜ್ಞೆ ಹೊರಡಿಸಿದ ಕಚೇರಿಯೇ ಮರುದಿನ, ಊರಲ್ಲಿ ಕಾಲರಾ ಇಲ್ಲವೇ ಇಲ್ಲವೆಂದು ಪತ್ರಿಕೆಯಲ್ಲಿ ಸಾರಿತು. ಆಜ್ಞೆಯನ್ನು ಮಾತ್ರ ಹಿಂತೆಗೆಯಲಿಲ್ಲ. ಉಪಾಧ್ಯರು ಬಾಗಿಲಿಗೆ ಬೋರ್ಡು ತೂಗುಹಾಕಿದರು: "ಇಲ್ಲದ ಕಾಲರಾದ ಕಾರಣ ಕಾಯಿಚಟ್ನಿ ಇಲ್ಲ."

ಬೋರ್ಡು ತೆಗೆಸಲು ಬಂದ ಅದೇ ಕಚೇರಿಯ ಇನ್‌ಸ್ಪೆಕ್ಟರ್ ಹಾಲ್ದಾರ್ ಬಾಬುವಿಗೆ ಹಸಿವಾಗಿತ್ತು. ಕೂತು ಬರೀ ಇಡ್ಲಿ ಮುರಿದರು, ಗಂಟಲಲ್ಲಿ ಇಳಿಯಲಿಲ್ಲ. ಸುತ್ತ ನೋಡಿ ಮೆಲ್ಲಗೆ ಕೇಳಿದರು: "ಚಟ್ನಿ ನಿಜವಾಗಿಯೂ ಇಲ್ವಾ?"

"ಊರಲ್ಲಿ ಕಾಲರಾ ಹೇಗೆ ಇಲ್ವೋ, ಒಳಗೆ ಚಟ್ನಿಯೂ ಹಾಗೇ ಇಲ್ಲ ಬಾಬು," ಎಂದು ಉಪಾಧ್ಯರು ಸೌಟು ಎತ್ತಿಕೊಂಡರು. "ಎಷ್ಟು ಬಡಿಸಲಿ?"