ಕಂಬಳಿ ಹೊರಗಿಟ್ಟು ಬರುತ್ತಿದ್ದ ಮೈಲಾರಪ್ಪ

ಕಂಪ್ಯೂಟರ್, ತಂತಿ ರಿಪೇರಿಗೆ ಬರುತ್ತಿದ್ದ ಮೈಲಾರಪ್ಪನವರು ನಮ್ಮ ಹೈಸ್ಕೂಲಿನ ಕಂಪ್ಯೂಟರ್ ಕೋಣೆಯೊಳಗೆ ಕಂಬಳಿ ತಂದದ್ದನ್ನು ನಾನು ಒಮ್ಮೆಯೂ ನೋಡಿಲ್ಲ. ಚಿಕ್ಕಜಾಜೂರಿನಿಂದ ಬೈಕಿನಲ್ಲಿ ಬರುವಾಗ ಕರೀ ಕಂಬಳಿ ಹೊದ್ದೇ ಬರುವರು. ಬಂದವರು ಅದನ್ನು ಬೇವಿನ ಕೊಂಬೆಗೆ ಹಾಕಿ, ಬೋರ್‌ವೆಲ್ಲಿನ ಕಬ್ಬಿಣದ ಪೈಪನ್ನು ಒಮ್ಮೆ ಅಂಗೈಯಿಂದ ಮುಟ್ಟಿ, ಆಮೇಲೆ ಒಳಗೆ ಕಾಲಿಡುವರು. ಗುಡಿಗೆ ಹೋಗುವವರೂ ಇಷ್ಟು ಮಡಿ ಮಾಡುವುದಿಲ್ಲ ಎಂದು ನಾವು ಮೇಷ್ಟ್ರುಗಳೆಲ್ಲ ನಗುತ್ತಿದ್ದೆವು.

"ನಗ್ರಿ ಮೇಡಂ, ನಗ್ರಿ," ಅನ್ನುವರು. "ನಾವು ಕುರಿ ಕಾದ ಮಂದಿ, ಉಣ್ಣೆ ಬುದ್ಧಿ ನಮಗೆ ಗೊತ್ತೈತೆ. ಚಳಿಗಾಲದಾಗೆ ಕತ್ತಲಲ್ಲಿ ಕಂಬಳಿ ಕೊಡವಿ ನೋಡ್ರಿ, ಚಿಟಚಿಟ ಕಿಡಿ ಹಾರ್ತಾವೆ. ನಮಗೆ ಅದು ಇರುವೆ ಕಡ್ದಂಗೆ. ಈ ಡಬ್ಬಿಗೆ ಸಿಡ್ಲು ಹೊಡ್ದಂಗೆ. ಅದ್ಕೇ ಪೈಪು ಮುಟ್ಟಿ ಮೈಯಾಗಿನ ಕಿಡಿ ನೆಲಕ್ಕೆ ಇಳಿಸಿ ಬರೋದು."

ಡಬ್ಬಿ ಎಂದರೆ ಎಲ್ಲ ಕಂಪ್ಯೂಟರುಗಳ ತಂತಿ ಬಂದು ಸೇರುವ ನೆಟ್‌ವರ್ಕ್ ಸ್ವಿಚ್ಚು. ಅದನ್ನೂ ಅದರ ಅಡಾಪ್ಟರನ್ನೂ ಕೆಂಪು ಬಣ್ಣದಿಂದ ಗುರುತು ಮಾಡಿದ್ದರು. ಕ್ಯಾಮೆರಾದ ಪೆಟ್ಟಿಗೆಗೂ ಅದರ ಅಡಾಪ್ಟರಿಗೂ ನೀಲಿ. "ತಾಯಿಗೂ ಮರಿಗೂ ಒಂದೇ ಗುರುತು. ಪಿನ್ನು ಕೂರ್ತೈತೆ ಅಂತ ಯಾವ್ದೋ ಮರೀನ ಯಾವ್ದೋ ತಾಯಿಗೆ ಬಿಡಬ್ಯಾಡ್ರಿ, ಒದ್ದು ಬಿಡ್ತೈತೆ." ತಂತಿ ಜೋಡಿಸುವ ಮೊದಲು ಮೇನ್ ಆರಿಸಿ, ಆರಿಸಿದ್ದನ್ನು ಟೆಸ್ಟರ್ ಹಚ್ಚಿ ನೋಡಿ, ಮತ್ತೊಮ್ಮೆ ನೋಡುವರು. ನನಗೋ ಇದೆಲ್ಲ ಅತಿಯೆನಿಸಿ ತಲೆ ಚಿಟ್ಟು ಹಿಡಿಯುತ್ತಿತ್ತು.

ಅಂಕಪಟ್ಟಿ ಕಳಿಸುವ ಕೊನೆಯ ದಿನ. ಬೆಳಿಗ್ಗೆ ಅವರು ಬಂದು ಇಲಿ ಕಡಿದಿದ್ದ ತಂತಿ ಬದಲಿಸಿ ಹೋಗಿದ್ದರು. ಮಧ್ಯಾಹ್ನ ನಾನು ಮೇಜು ಸರಿಸಲು ಹೋಗಿ ಅಡಾಪ್ಟರುಗಳನ್ನೆಲ್ಲ ಕಿತ್ತೆ. ವಾಪಸ್ ಚುಚ್ಚುವಾಗ ಬಣ್ಣ ಯಾರು ನೋಡುತ್ತಾರೆ? ನೀಲಿಯದನ್ನು ಕೆಂಪಿಗೆ ಚುಚ್ಚಿದೆ. ಟಪ್ಪೆಂದಿತು, ಹೊಗೆ ಬಂತು. ಸ್ವಿಚ್ಚು ಸುಟ್ಟುಹೋಯಿತು.

ಯಾರೂ ಬರುವ ಮೊದಲೇ ಅಡಾಪ್ಟರುಗಳನ್ನು ಅದಲುಬದಲು ಮಾಡಿ ಸರಿಯಾಗಿ ಚುಚ್ಚಿಟ್ಟೆ. ಆ ಹೊತ್ತಿನಲ್ಲಿ ನನಗೆ ಅಷ್ಟು ಬುದ್ಧಿ ಎಲ್ಲಿಂದ ಬಂತೋ!

ಹೆಡ್‌ಮಾಸ್ಟರು ಬಂದು ಮೂಗು ಮುಚ್ಚಿಕೊಂಡರು. "ಬೆಳಿಗ್ಗೆ ಮೈಲಾರಪ್ಪ ಮುಟ್ಟಿದ್ನಲ್ಲ, ಏನ್ ಮಾಡ್ದ? ಕಂಬಳಿ ಹೊದ್ಕಂಡು ಒಳಗೆ ಬಂದಿದ್ನಾ?"

"ಹೂಂ ಸಾರ್," ಎಂದೆ. "ಹೊದ್ದುಕೊಂಡೇ ಬಂದಿದ್ರು."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಅವರು ಕಲಿಸಿದ ಪಾಠವನ್ನೇ ಅವರ ಮೇಲೆ ಹೊರಿಸಿದ್ದೆ. ಹೆಡ್‌ಮಾಸ್ಟರು ಅವರನ್ನು ಕರೆಸಿ ಬೈದರು. ಮೈಲಾರಪ್ಪನವರು ನನ್ನ ಮುಖ ನೋಡಿದರು. ಸುದ್ದಿ ಹೊಳಲ್ಕೆರೆವರೆಗೆ ಹಬ್ಬಿತು. ಸುತ್ತಲಿನ ಶಾಲೆಗಳೂ ಅವರನ್ನು ಕರೆಯುವುದು ಬಿಟ್ಟವು. ನನಗೆ ನಾಚಿಕೆಯಾಗುತ್ತಿತ್ತು, ಆದರೆ ಭಯ ಅದಕ್ಕಿಂತ ದೊಡ್ಡದಿತ್ತು. ನಾಳೆ ಹೇಳೋಣ ಎಂದುಕೊಳ್ಳುತ್ತಲೇ ಒಂದು ವರ್ಷ ಕಳೆದೆ.

ಕೊನೆಗೆ ಅವರು ಸಿಕ್ಕಿದ್ದು ಚಿಕ್ಕಜಾಜೂರು ಸ್ಟೇಷನ್ನಿನಲ್ಲಿ. ಸೊರಗಿದ್ದರು. ಈಗ ಅಣ್ಣನ ಕುರಿ ಕಾಯುತ್ತಿರುವುದಾಗಿ ಹೇಳಿದರು. ನನ್ನ ರೈಲು ಬರುತ್ತಿದೆಯೆಂದು ಸ್ಟೇಷನ್ನಿನ ಮೈಕಿನಲ್ಲಿ ಕೂಗಿದರು. ಈಗಲಾದರೂ ಹೇಳಿಬಿಡೋಣ ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಅವರೇ ಕೇಳಿದರು.

"ಮೇಡಂ, ಅವತ್ತು ಕಂಬಳಿ ಕೊಂಬೆಗೆ ಹಾಕಿದ್ದೆ ಅಂತ್ಲೇ ನನ್ನ ನೆನಪು. ಹಾಕಿರ್ಲಿಲ್ವಾ?"

ನಾನು ರೈಲು ಬರುವ ಹಳಿಯ ಕಡೆ ನೋಡಿದೆ.

"ಬಿಡ್ರಿ," ಎಂದರು ಅವರೇ, ನನಗೆ ಸಮಾಧಾನ ಮಾಡುವವರ ಹಾಗೆ. "ನೀವು ಕಣ್ಣಾರೆ ಕಂಡೋರು, ಸುಳ್ಳು ಯಾಕೆ ಹೇಳ್ತೀರಿ? ನಂಗೇ ಮರೆವು ಬಂದೈತೆ. ಮರೆವಿನ ಕೈ ಕರೆಂಟ್ ಮುಟ್ಬಾರ್ದು. ಅದ್ಕೇ ಕೆಲ್ಸ ಬಿಟ್ಟೆ."

ರೈಲು ಬಂತು. ಅವರೇ ನನ್ನ ಚೀಲವನ್ನು ಎತ್ತಿ ಬೋಗಿಯೊಳಗಿಟ್ಟರು. "ಬರ್ತೀನಿ" ಎಂದೆ. ಅದೊಂದನ್ನೇ ಹೇಳಿದೆ.