ಎರಡೂವರೆ ಇಂಚು

ಭೀಮಶಿ ಮೊನ್ನೆ ಮಂಗಳವಾರ ತೀರಿಕೊಂಡ. ನಲವತ್ತೊಂದು ವರ್ಷ. ಎಡಗಾಲಿನ ಎಲುಬಿನಲ್ಲಿ ಐದು ವರ್ಷದಿಂದ ಉಳಿದಿದ್ದ ಕೀವು ರಕ್ತಕ್ಕೆ ಸೇರಿತ್ತು.

ರಬಕವಿಯಲ್ಲಿ ಅವನೂ ಹಾಲೇಶನೂ ಅಕ್ಕಪಕ್ಕದ ಮಗ್ಗದವರು. ಸಣ್ಣವನಿದ್ದಾಗ ಎಲುಬು ಮುರಿದು ಸರಿಯಾಗಿ ಬೆಳೆಯದೆ, ಭೀಮಶಿಯ ಎಡಗಾಲು ಎರಡೂವರೆ ಇಂಚು ಗಿಡ್ಡ. ಅಟ್ಟೆ ಏರಿಸಿದ ಚಪ್ಪಲಿ ತಾನೇ ಹೊಲಿದುಕೊಳ್ಳುತ್ತಿದ್ದ. ಅದನ್ನು ಮೆಟ್ಟಿದರೆ ಕುಂಟು ಅಷ್ಟು ಕಾಣುತ್ತಿರಲಿಲ್ಲ. ಆದರೆ ಬೀರೇಶ್ವರನ ಪಲ್ಲಕ್ಕಿಯನ್ನು ಬರಿಗಾಲಲ್ಲೇ ಹೊರಬೇಕು. ಚಪ್ಪಲಿ ಬಿಟ್ಟರೆ ಅವನ ಹೆಗಲು ಇಳಿದು ಪಲ್ಲಕ್ಕಿ ಹೊಯ್ದಾಡುತ್ತಿತ್ತು. ಹಿರಿಯರು ಅವನಿಗೆ ಹೆಗಲು ಬೇಡವೆಂದು ಕೈಗೆ ದೇವರ ಛತ್ರಿ ಕೊಟ್ಟರು. ಅಪ್ಪ ಹೆಗಲು ಕೊಟ್ಟ ಜಾಗದಲ್ಲಿ ತಾನೂ ಹೆಗಲು ಕೊಡಬೇಕು, ಅದೊಂದೇ ಅವನಿಗೆ ಬೇಕಾಗಿತ್ತು.

ಕಾಲು ಉದ್ದ ಮಾಡುವ ಆಪರೇಷನ್ ಆರು ವರ್ಷದ ಹಿಂದೆ ಮಿರಜದಲ್ಲಾಯಿತು. ಎಲುಬು ಕತ್ತರಿಸಿ, ಕಾಲಿನ ಸುತ್ತ ಲೋಹದ ಬಳೆ ಕೂಡಿಸಿ ತಂತಿ ಹಾಯಿಸಿದರು. ನಟ್ಟು ತಿರುವಿದಷ್ಟು ಸಂದು ಅಗಲವಾಗಿ ಅಲ್ಲಿ ಹೊಸ ಎಲುಬು ತುಂಬಬೇಕು. ದಿನಕ್ಕೆ ಒಂದೇ ಮಿಲಿಮೀಟರ್, ಅದೂ ನಾಲ್ಕು ಸಲಕ್ಕೆ. ಅವಸರ ಮಾಡಿದರೆ ನರ ತಾಳುವುದಿಲ್ಲ, ಸರಿಯಾಗಿ ಮಾಡಿದರೂ ಕೀವಾಗಬಹುದು, ಮೊಣಕಾಲು ಬಿಗಿಯಬಹುದು ಎಂದು ಡಾಕ್ಟರು ಎರಡೆರಡು ಸಲ ಹೇಳಿದ್ದರು.

ಎಲುಬು ಗಟ್ಟಿಯಾಗಲು ಹತ್ತು ತಿಂಗಳಾದರೂ ಬೇಕು ಎಂದಿದ್ದರು, ಪಲ್ಲಕ್ಕಿಗೆ ಒಂಬತ್ತೇ ತಿಂಗಳಿತ್ತು. ಸ್ಪ್ಯಾನರು ಹಾಲೇಶನ ಕೈಯಲ್ಲಿ.

“ಇನ್ನೊಂದ ಸಲ ತಿರವಲೇ,” ಎಂದ ಭೀಮಶಿ.

“ಡಾಕ್ಟರ ನಾಕ ಅಂದಾರ.”

“ದೀಪಾವಳಿ ಬಂದ್ರ ನೀ ಹಗಲ ರಾತ್ರಿ ಮಗ್ಗ ಬಡಿತಿ. ಆವಾಗೇನ ಮಗ್ಗ ಮುರದೈತೇನ?”

ಹಾಲೇಶ ತಿರುವಿದ. ದಿನಕ್ಕೆ ಆರು, ಕೆಲವು ದಿನ ಎಂಟು. ಮಗ್ಗದಲ್ಲಿ ಕೈ ಜೋರು ಮಾಡಿದರೆ ಸೀರೆ ಬೇಗ ಇಳಿಯುತ್ತದೆ. ಎಲುಬೂ ಹಾಗೇ ಎಂದುಕೊಂಡರು ಇಬ್ಬರೂ. ನಾಲ್ಕನೆಯ ವಾರ ಪಾದ ಜೋಮು ಹಿಡಿಯಿತು. ಹೇಳಿದರೆ ತಿರುವುವುದು ನಿಲ್ಲುತ್ತದೆಂದು ಭೀಮಶಿ ಬಾಯಿ ಬಿಡಲಿಲ್ಲ. ತಪಾಸಣೆಯ ಹೊತ್ತಿಗೆ ಪಾದ ಮೇಲೇಳುತ್ತಿರಲಿಲ್ಲ, ಸಂದಿನಲ್ಲಿ ಎಲುಬೂ ತುಂಬಿರಲಿಲ್ಲ.

ಬಳೆಗಳು ಇಪ್ಪತ್ತು ತಿಂಗಳು ಉಳಿದವು. ತಂತಿ ಹಾಯ್ದ ತೂತುಗಳನ್ನು ಹೆಂಡತಿ ಸುಂದರವ್ವ ದಿನಾ ತೊಳೆದಳು, ಆದರೂ ಕೀವು ಎಲುಬಿಗಿಳಿಯಿತು. ಕೊನೆಗೆ ಬಿಚ್ಚಿದಾಗ ಎರಡೂ ಕಾಲು ಸಮ. ಪಾದ ಮಾತ್ರ ನೆಲಕ್ಕೆ ಎಳೆಯುತ್ತಿತ್ತು, ಮೊಣಕಾಲು ಮಡಚುತ್ತಿರಲಿಲ್ಲ. ಛತ್ರಿಯೂ ಬೇರೆಯವರ ಕೈಗೆ ಹೋಯಿತು. ಮಗ್ಗ ಬಿಟ್ಟು, ಕೂತಲ್ಲೇ ಬೇರೆಯವರ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತಿದ.

“ನಾ ತಿರವಬಾರದಿತ್ತು,” ಎಂದ ಹಾಲೇಶ ಒಮ್ಮೆ.

“ಕೈ ನಿಂದು, ಅವಸರ ನಂದು. ಚಾ ಆರತೈತಿ, ಕುಡಿ.”

ಹೋದ ಭಾನುವಾರ, ಸಾಯುವ ಎರಡು ದಿನ ಮೊದಲು, ಚಿಮ್ಮಡದ ಕಾಶಪ್ಪ ಮಗಳು ಪೂನಮ್‌ಳನ್ನು ಕರೆತಂದ. ಅವಳ ಬಲಗಾಲೂ ಒಂದಿಂಚು ಗಿಡ್ಡ. ಭೀಮಶಿ ಜ್ವರದಲ್ಲಿ ಮಲಗಿದ್ದ.

“ಆಪರೇಶನ್ ಮಾಡಸ್ಲೇನ್ರಿ ಅಣ್ಣಾರ?”

“ಛಲೋ ಆದವರೂ ಅದಾರಪಾ. ಡಾಕ್ಟರನ್ನ ಕೇಳು, ಅವರು ಹೇಳಿದ್ದನ್ನೂ ಕೇಳು. ನಾ ಕೇಳಲಿಲ್ಲ.” ಹುಡುಗಿಯತ್ತ ತಿರುಗಿದ. “ನೀ ಎಲ್ಲಿ ಹೋಗಾಕಿ, ತಂಗಿ?”

“ಕಾಲೇಜಿಗಿ.”

“ಅಲ್ಲಿ ಚಪ್ಲಿ ಬಿಡಸ್ತಾರೇನು?”

“ಇಲ್ರಿ.”

ಹಾಲೇಶನಿಂದ ಚಪ್ಪಲಿ ಹೊಲಿಯುವ ಸಾಮಾನಿನ ಹಳೆಯ ಪೆಟ್ಟಿಗೆ ತರಿಸಿದ. ಎದ್ದು ಕೂತು ರಬ್ಬರು ಕತ್ತರಿಸಿ ಅವಳ ಚಪ್ಪಲಿಗೆ ಅಟ್ಟೆ ಹೊಲಿದ. ಪೂನಮ್ ಬಾಗಿಲತನಕ ನಡೆದು ಬಂದಳು. ತುಸು ಹೆಚ್ಚಾಗಿದೆ ಎಂದು ಭೀಮಶಿ ಚಪ್ಪಲಿಯನ್ನು ಮತ್ತೆ ಇಸಿದುಕೊಂಡು, ಹಿಮ್ಮಡಿಯ ಅಂಚು ಕೆತ್ತಿ ಕೊಟ್ಟ.